ಸಂಜೆ ಕಣ್ಣಿ ಬಿಚ್ಚುವ ಚಿತ್ತಮ್ಮ

"ಹೂಂ, ಏಳಪ್ಪ. ನಿನ್ನ ನಾಟಕ ಸಾಕು."

ಬಬ್ಬೂರಿನಾಚೆ ಕಲ್ಲೊಡ್ಡಿನ ಜಾನುವಾರು ಆಸರೆ ಕೇಂದ್ರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಿತ್ತಮ್ಮ ಮಂಡಿಯೂರಿ ಕುಳಿತು ಕೆಂದ ಎಂಬ ಮುದಿ ಎತ್ತಿನ ಹೊಟ್ಟೆಯಡಿ ಗೋಣಿಚೀಲ ತೂರಿಸುತ್ತಿದ್ದಾರೆ. ಚೀಲದ ಇನ್ನೊಂದು ತುದಿ ಜೊತೆಗೆ ಕೆಲಸ ಮಾಡುವ ರೋಜಾ ಕೈಲಿದೆ. ಇಬ್ಬರೂ ಉಸಿರು ಬಿಗಿಹಿಡಿದು ಮೇಲಕ್ಕೆಳೆಯುತ್ತಾರೆ. ಹಿಂಗಾಲು ಊರುತ್ತವೆ, ಗಡಗಡ ನಡುಗುತ್ತವೆ, ಕೆಂದ ಮತ್ತೆ ಕುಸಿಯುತ್ತಾನೆ. ಚಿತ್ತಮ್ಮ ಸೆರಗು ಬಿಗಿದು ಇನ್ನೊಮ್ಮೆ ಎತ್ತುತ್ತಾರೆ. ಮತ್ತೂ ಒಮ್ಮೆ. ಕೊನೆಗೆ ಕೆಂದ ನಿಂತಾಗ ಅವನ ನಡುಕ ನಿಲ್ಲುವ ತನಕ ಪಕ್ಕೆಗೆ ತಮ್ಮ ಹೆಗಲು ಕೊಟ್ಟು ನಿಲ್ಲುತ್ತಾರೆ. ಆಮೇಲೆ ಮೈ ಕೊಡವಿಕೊಂಡು ಪಕ್ಕದಲ್ಲಿ ಮಲಗಿದ ಹಸುವಿನ ಕಡೆ ಹೊರಡುತ್ತಾರೆ.

ನೆಲ ಹಿಡಿದ ದನವನ್ನು ಹಾಗೇ ಬಿಟ್ಟರೆ ಒತ್ತಿದ ಕಡೆ ಹುಣ್ಣಾಗುತ್ತದೆ, ಆಮೇಲೆ ಅದು ಏಳುವುದಿಲ್ಲ. ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸಬೇಕು, ಒಮ್ಮೆಯಾದರೂ ಎತ್ತಿ ನಿಲ್ಲಿಸಬೇಕು. ಹುಟ್ಟುಹಬ್ಬಕ್ಕೆಂದು, ಅಮಾವಾಸ್ಯೆಗೆಂದು ಕಾರು ಮಾಡಿಕೊಂಡು ಬರುವ ದಾನಿಗಳು ಈ ಹಿಂದಿನ ಕೊಟ್ಟಿಗೆಯತ್ತ ತಲೆ ಹಾಕುವುದಿಲ್ಲ. ಮುಂದಿನ ಸಾಲಿನ ಹಸುಗಳಿಗೆ ಬಾಳೆಹಣ್ಣು ತಿನ್ನಿಸಿ, ಫೋಟೊ ತೆಗೆಸಿಕೊಂಡು, ಪುಣ್ಯ ಕಟ್ಟಿಕೊಂಡು ಹೋಗುತ್ತಾರೆ. "ಬಾಳೆಹಣ್ಣು ತಿಂದು ಎದ್ದು ನಿಂತ ದನಾನ ನಾನಂತೂ ಕಂಡಿಲ್ಲ" ಎನ್ನುತ್ತಾರೆ ಚಿತ್ತಮ್ಮ.

ಐವತ್ತು ದಾಟಿರುವ ಚಿತ್ತಮ್ಮ ಹುಟ್ಟಿದ್ದು ಹೊಸದುರ್ಗದ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ. ಹಿರಿಯೂರಿನ ಕಡೆಯ ಪಾಲಯ್ಯನವರ ಕೈ ಹಿಡಿದು ಬಂದಾಗ ಮನೆಯಲ್ಲಿ ದೊಡ್ಡ ಕುರಿಹಿಂಡು ಇತ್ತು. ಒಂದು ವರ್ಷ ರೋಗ ಬಡಿದು ಹಿಂಡು ಅರ್ಧಕ್ಕಿಂತ ಕಡಿಮೆಯಾಯಿತು. ಉಳಿದ ಕುರಿಗೆ ಗಂಡನೊಬ್ಬನೇ ಸಾಕೆಂದು ಇವರು ಆಗಷ್ಟೇ ಶುರುವಾಗಿದ್ದ ಈ ಕೇಂದ್ರಕ್ಕೆ ಕೂಲಿಗೆ ಬಂದರು. ಹೊಳಲ್ಕೆರೆ ಸಂತೆಯಲ್ಲಿ ಬಿಟ್ಟುಹೋದ ಎತ್ತು, ಲಾರಿ ತಾಗಿ ಕಾಲು ಮುರಿದ ಹಸು, ಹರಕೆ ತೀರಿದ ಮೇಲೆ ಯಾರಿಗೂ ಬೇಡವಾದ ಹೋರಿಗಳೆಲ್ಲ ಇಲ್ಲಿಗೆ ಬರುತ್ತವೆ. ಕೆಂದನೂ ಹಾಗೇ ಬಂದವನು, ಗಾಣದಲ್ಲಿ ಸುತ್ತಿ ಸುತ್ತಿ ಸವೆದವನು.

ದಾನಿ ಸಂಸ್ಥೆಯೊಂದು ತಲೆಗಿಷ್ಟು ಎಂದು ಲೆಕ್ಕ ಹಾಕಿ ಕೇಂದ್ರಕ್ಕೆ ಹಣ ಕಳಿಸುತ್ತಿತ್ತು. ಆಗಿನ ಕಾರ್ಯದರ್ಶಿ ನಾಗರಾಜಪ್ಪನವರಿಗೆ ಈ ತಲೆ ಲೆಕ್ಕ ಬಹಳ ಹಿಡಿಸಿತು. ಕೊಟ್ಟಿಗೆಯಲ್ಲಿದ್ದದ್ದು ಅರವತ್ತನಾಲ್ಕು ದನ. ಗೇಟಿನ ಮೇಲೆ ಎದ್ದ ಸಿಮೆಂಟು ಕಮಾನಿನಲ್ಲಿ ಬರೆಸಿದ್ದು ನೂರಿಪ್ಪತ್ತು. ಆಫೀಸಿಗೆ ಟೈಲ್ಸ್ ಬಂತು, ಕಮಾನಿಗೆ ಬಣ್ಣ ಬಂತು. ಹಿಂದಿನ ಕೊಟ್ಟಿಗೆಯಲ್ಲಿ ಮಾತ್ರ ದನ ಎತ್ತುವ ನಾಲ್ಕು ಕೈಗಳು ಎರಡಾದವು, ಶೇಂಗಾ ಹಿಂಡಿ ವಾರಕ್ಕೊಮ್ಮೆಯಾಯಿತು. ಆ ಎರಡು ಕೈಯೂ ಚಿತ್ತಮ್ಮನವರವೇ. ಒಬ್ಬರ ಕೈಲಿ ಎತ್ತು ಏಳುವುದು ಅಪರೂಪ. ಆ ದಿನಗಳಲ್ಲಿ ನೆಲ ಹಿಡಿದವುಗಳಲ್ಲಿ ಹೆಚ್ಚಿನವು ನೆಲದಲ್ಲೇ ಮುಗಿದವು, ಕಮಾನಿನ ಮೇಲಿನ ನೂರಿಪ್ಪತ್ತು ಅಲ್ಲಾಡಲಿಲ್ಲ.

ಹೋದ ವರ್ಷ ದಾನಿ ಸಂಸ್ಥೆಯವರು, ಕೊಟ್ಟ ಹಣದಿಂದ ದನಗಳಿಗೇನಾಯಿತೆಂದು ನೋಡಿ ಬರಲು ಚಿತ್ರದುರ್ಗದ ಹೇಮಾವತಿ ಎಂಬುವವರನ್ನು ಕಳಿಸಿದರು. ತಾರೀಕನ್ನು ಮುಂಚೆಯೇ ಫೋನಿನಲ್ಲಿ ತಿಳಿಸಿದ್ದರು. ಆ ದಿನ ಬೆಳಿಗ್ಗೆ ನಾಗರಾಜಪ್ಪ ಸುತ್ತಲಿನ ಮನೆಗಳಿಂದ ಐವತ್ತಕ್ಕೂ ಹೆಚ್ಚು ಹಸು ಹೊಡೆಸಿಕೊಂಡು ಬಂದರು. ಹಸು ಕೊಟ್ಟ ಮನೆಗೆ ಒಂದೊಂದು ಚೀಲ ಹಿಂಡಿ. ಕೆಂದನ ಬಾಯಿಗೆ ಬರಬೇಕಾದ ಹಿಂಡಿ ಅದು.

"ನನಗೆ ಕಟ್ಟು ಅಂದ್ರು. ನಾನು ಕಟ್ಟಲ್ಲ, ನೀವೇ ಕಟ್ಕಳ್ರಿ ಅಂದೆ" ಎಂದು ನೆನೆಸಿಕೊಳ್ಳುತ್ತಾರೆ ಚಿತ್ತಮ್ಮ. "ಆಮೇಲೆ ಬಾಯಿ ಮುಚ್ಕೊಂಡು ನನ್ನ ಕೆಲ್ಸ ನಾನು ಮಾಡ್ದೆ."

ಹೇಮಾವತಿ ಬಂದದ್ದು ತಡವಾಗಿ. ಹಾರ, ಊಟ, ಭಾಷಣ ಮುಗಿದು ತಲೆ ಎಣಿಸಲು ಹೊರಟಾಗ ಹೊತ್ತು ಇಳಿದಿತ್ತು. ದಿನಾ ಆ ಹೊತ್ತಿಗೆ ಚಿತ್ತಮ್ಮ ಎಲ್ಲ ದನದ ಕಣ್ಣಿ ಬಿಚ್ಚಿ ನೀರಿನ ತೊಟ್ಟಿಗೆ ಬಿಡುತ್ತಾರೆ. ಅಂದೂ ಒಂದು ತುದಿಯಿಂದ ಬಿಚ್ಚುತ್ತಾ ಬಂದರು. ಬೆಳಗಿನಿಂದ ಕಟ್ಟಿಹಾಕಿದ ಊರ ಹಸುಗಳಿಗೆ ಕೆಚ್ಚಲು ಬಿಗಿದಿತ್ತು, ಮನೆಯಲ್ಲಿ ಕರುಗಳಿದ್ದವು. ಅವು ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ, ಬಾಲ ಎತ್ತಿ ಗೇಟಿನತ್ತ ನುಗ್ಗಿದವು.

"ಗೇಟು ಹಾಕು" ಎಂದು ನಾಗರಾಜಪ್ಪ ಕೂಗಿಕೊಂಡರು. ಚಿತ್ತಮ್ಮ ಗೇಟಿನ ಹತ್ತಿರವೇ ಇದ್ದರು. ಹೋದವರು ಅದನ್ನು ಪೂರಾ ತೆರೆದು, ಬೆನ್ನು ಕೊಟ್ಟು ನಿಂತುಬಿಟ್ಟರು. ಕಮಾನಿನಡಿಯಿಂದ ಹಸುಗಳು ಧೂಳೆಬ್ಬಿಸಿಕೊಂಡು ತಂತಮ್ಮ ಮನೆ ದಾರಿ ಹಿಡಿದವು. ಅಷ್ಟರಲ್ಲಿ ಪಕ್ಕದ ಹಟ್ಟಿಯ ಯಶೋಧಾ ಬೇರೆ ಚೊಂಬು ಹಿಡಿದು ತಮ್ಮ ಹಸುವಿಗೆ ಎದುರು ಬಂದು, ಇಷ್ಟು ಹೊತ್ತಾ ಎಂದು ಎಲ್ಲರೆದುರೇ ನಾಗರಾಜಪ್ಪನವರನ್ನು ದಬಾಯಿಸಿದರಂತೆ.

ಧೂಳು ಇಳಿದಾಗ ತೊಟ್ಟಿಯ ಸುತ್ತ ಉಳಿದವರು ಕುಂಟರು, ಕುರುಡರು, ಮುದುಕರು. ಹೇಮಾವತಿ ಅವನ್ನು ಎಣಿಸಿ, ನಂತರ ಹಿಂದಿನ ಕೊಟ್ಟಿಗೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಚಿತ್ತಮ್ಮ ಇಲ್ಲಿ ದುಡಿದ ಒಂಬತ್ತು ವರ್ಷದಲ್ಲಿ ಹಾಗೆ ಕೇಳಿದ ಮೊದಲ ದೊಡ್ಡ ಮನುಷ್ಯರು ಅವರೇ. ಚಿತ್ತಮ್ಮ ಕರೆದೊಯ್ದು ತೋರಿಸಿದರು.

ಆ ರಾತ್ರಿಯೇ ಕೆಲಸ ಹೋಯಿತು. ನಾಳೆಯಿಂದ ಬರಬೇಡ ಎಂದು ನಾಗರಾಜಪ್ಪ ಹೇಳಿ ಕಳಿಸಿದರು. ಊರಿಗೆ ಬರುವ ದುಡ್ಡಿಗೆ ಕಲ್ಲು ಹಾಕಿದಳು ಎಂದು ಹಟ್ಟಿಯವರು ಬೈದರು. ಪಾಲಯ್ಯನವರಂತೂ ಎರಡು ದಿನ ಮಾತು ಬಿಟ್ಟರು. ಮಾರನೆಯ ದಿನ ಬೆಳಗಾಗುವ ಮುಂಚೆ ಚಿತ್ತಮ್ಮ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಮುಳ್ಳುಬೇಲಿ ದಾಟಿ ಒಳಗೆ ಬಂದಿದ್ದರು. "ಬರಬ್ಯಾಡ ಅಂದಿದ್ದು ನನಗೆ. ಕೆಂದಂಗೆ ಏಳಬ್ಯಾಡ ಅಂದಿರಲಿಲ್ಲವಲ್ಲ."

ವಿಚಾರಣೆ ಮುಗಿಯುವ ತನಕ ದಾನಿ ಸಂಸ್ಥೆ ಹಣ ನಿಲ್ಲಿಸಿತು. ಸಂಬಳವಿಲ್ಲ, ಮೇವಿಲ್ಲ. ಚಿತ್ತಮ್ಮ ಹಸು ಎರವಲು ಕೊಟ್ಟಿದ್ದ ಮನೆಗಳನ್ನೇ ಹುಡುಕಿಕೊಂಡು ಹೋದರು. "ಹಿಂಡಿ ಇಸ್ಕಂಡೀರಿ, ಈಗ ಮೇವು ಕೊಡ್ರಿ ಅಂತ ಬಾಗಿಲಲ್ಲೇ ಕುಂತೆ. ಬೈದೋರು ಬೈದ್ರು. ಬೈದು ಸಾಕಾದ ಮ್ಯಾಲೆ ಕೊಟ್ರು." ಮೊದಲು ಶೇಂಗಾ ಬಳ್ಳಿಯ ಹೊರೆ ಹೊತ್ತು ಬಂದವರು ಯಶೋಧಾ. ಆದರೂ ಆ ತಿಂಗಳುಗಳಲ್ಲಿ ಐದು ದನ ಸತ್ತವು.

ನೀವು ಸುಮ್ಮನಿದ್ದಿದ್ದರೆ ಆ ಐದು ಬದುಕುತ್ತಿದ್ದವೇನೋ ಎಂದು ಕೇಳಿದವರಿದ್ದಾರೆ. ಆ ಮಾತು ಬಂದಾಗ ಚಿತ್ತಮ್ಮನವರ ಮುಖ ಗಂಟಿಕ್ಕುತ್ತದೆ. ಸಂಕಟವಾಗಿದೆ, ಅವರು ಮುಚ್ಚಿಡುವುದಿಲ್ಲ. "ಅವಕ್ಕೆ ನಾನೇ ಗುಂಡಿ ತೋಡ್ಸೀನಿ. ಆದ್ರೆ ಸುಳ್ಳು ನಡೀವಾಗ್ಲೂ ಸಾಯ್ತಿದ್ವು ಕಣ್ರಿ. ಇನ್ನೊಬ್ರ ಮನೆ ಹಸು ತಂದು ಕಟ್ಟಿದ್ರೆ ಸತ್ತಿದ್ದು ಯಾರಿಗೂ ಕಾಣಲ್ಲ, ಅಷ್ಟೆ. ಸುಮ್ನಿರು ಅಂದೋರು ಬಂದು ಒಂದು ದಿನ ಚೀಲ ಹಿಡೀಲಿ, ಆಮೇಲೆ ಮಾತಾಡಾಣ."

ನಾಗರಾಜಪ್ಪ ಹುದ್ದೆ ಬಿಟ್ಟರು. ಹಣ ಎಲ್ಲೆಲ್ಲಿ ಹೋಯಿತೆಂಬ ಪ್ರಶ್ನೆಗೆ ಟೈಲ್ಸ್ ಮತ್ತು ಕಮಾನು ಅರ್ಧ ಉತ್ತರ ಕೊಟ್ಟಿವೆ, ಉಳಿದರ್ಧವನ್ನು ದಾನಿಗಳು ಇನ್ನೂ ಕೇಳುತ್ತಿದ್ದಾರೆ. ಹೇಮಾವತಿಯವರ ಶಿಫಾರಸಿನಂತೆ ಈಗ ಹಣ ಬರುವುದು ಇರುವಷ್ಟು ದನಕ್ಕೇ. ಚಿತ್ತಮ್ಮನವರಿಗೆ ಕೆಲಸ ಮರಳಿ ಸಿಕ್ಕಿದ್ದೂ, ರೋಜಾ ಸೇರಿದ್ದೂ ಆಮೇಲೆಯೇ. "ಎಷ್ಟು ದನ ಇಟ್ಟುಕೊಂಡಿದೀರಿ ಅಂತ ಎಲ್ಲಾ ಕಡೆ ಕೇಳ್ತಿದ್ದೆ. ಮಲಗಿದ್ದರಲ್ಲಿ ಎಷ್ಟು ಎದ್ದವು ಅಂತ ಕೇಳೋಕೆ ಶುರುಮಾಡಿದ್ದು ಕಲ್ಲೊಡ್ಡು ನೋಡಿದ ಮೇಲೆ" ಎನ್ನುತ್ತಾರೆ ಹೇಮಾವತಿ. ಈ ವರ್ಷ ನೆಲ ಹಿಡಿದ ಹದಿನಾಲ್ಕರಲ್ಲಿ ಒಂಬತ್ತು ಎದ್ದಿವೆ. ಕಮಾನಿನ ಸಂಖ್ಯೆಯ ಮೇಲೆ ಚಿತ್ತಮ್ಮ ಏಣಿ ಹಾಕಿ ತಾವೇ ಸುಣ್ಣ ಬಳಿದಿದ್ದಾರೆ. ಅಲ್ಲಿ ಏನಾದರೂ ಬರೆಸೋಣವೇ ಎಂದು ಕೇಳಲು ಹೊಸ ಕಾರ್ಯದರ್ಶಿಗೆ ಧೈರ್ಯ ಸಾಲದು.

ಇವತ್ತು ಹೊಸ ಕಾರ್ಯದರ್ಶಿಯ ಫೋನಿಗೆ ಹೇಮಾವತಿಯವರ ಕರೆ ಬಂದಿದೆ. ಮತ್ತೆ ಪರಿಶೀಲನೆಗೆ ಬರಬೇಕು, ಯಾವ ತಾರೀಕು ಅನುಕೂಲ? ಕಾರ್ಯದರ್ಶಿ ಕ್ಯಾಲೆಂಡರಿನ ಕಡೆ ತಿರುಗುವಷ್ಟರಲ್ಲಿ ಚಿತ್ತಮ್ಮ ಸಗಣಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಇಸಿದುಕೊಳ್ಳುತ್ತಾರೆ.

"ತಾರೀಕು ಹೇಳಬ್ಯಾಡ್ರಿ ಮೇಡಂ. ಹೇಳ್ದಂಗೆ ಬರ್ರಿ, ಸಂಜೆ ಹೊತ್ತು ಬರ್ರಿ. ಎಲ್ಲಾ ಕಣ್ಣಿ ಬಿಚ್ತೀನಿ, ಗೇಟು ತೆಗ್ದೇ ಇರ್ತೈತೆ. ಹೋಗೋವು ಹೋಗ್ಲಿ. ಉಳೀತಾವಲ್ಲ, ಅವು ನಮ್ಮವು. ಅವನ್ನ ಎಣಿಸ್ಕಳ್ರಿ."