ಟಿಕ್ ಹಾಕಿಸದ ಷರತ್ತು

ಹಳೇ ಫೋಟೋ ರಿಪೇರಿ ಮಾಡುವ ಆ ಆಸಾಮಿಯನ್ನು ಬೀದಿಯವರೆಲ್ಲ ಕರೆಯುವುದೇ ರಿಪೇರಿ ಮಾವ ಎಂದು. ಹರಿದ ಮೂಗು, ಹುಳ ತಿಂದ ಕಿವಿ, ನೀರು ಬಿದ್ದು ಅಳಿಸಿಹೋದ ಅಜ್ಜನ ಮೀಸೆ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸರಿಮಾಡಿ ಹೊಸ ಪ್ರಿಂಟ್ ಕೊಡುತ್ತಾನೆ. ಕೈಯಲ್ಲಿ ಕಸುಬಿದೆ, ಸುಳ್ಳು ಹೇಳಬಾರದು. ಓದು ಬರಹದ ವಿಷಯಕ್ಕೆ ಬಂದರೆ ಮಾತ್ರ ಮಹಾ ಸೋಮಾರಿ.

ಆನ್‌ಲೈನಿನಲ್ಲಿ ಆರ್ಡರ್ ತೆಗೆದುಕೊಳ್ಳಲು ವೆಬ್‌ಸೈಟ್ ಮಾಡಿಸಿದಾಗ ಷರತ್ತುಗಳು ಬೇಕೆಂದರು. ಪುಣ್ಯಾತ್ಮ ಮಾಡಿದ್ದೇನು? ಯಾವುದೋ ಲಾಂಡ್ರಿಯ ಷರತ್ತುಗಳನ್ನು ಇಡಿಯಾಗಿ ಎತ್ತಿ, 'ಬಟ್ಟೆ' ಎಂದಿದ್ದಲ್ಲೆಲ್ಲ 'ಫೋಟೋ' ಎಂದು ತುರುಕಿದ. ಅದರಲ್ಲೊಂದು, ಮೂವತ್ತು ದಿನದೊಳಗೆ ಒಯ್ಯದ ಫೋಟೋಗಳನ್ನು ವಿಲೇವಾರಿ ಮಾಡಲಾಗುವುದು ಎಂದು. 'ಓದಿದ್ದೇನೆ, ಒಪ್ಪಿದ್ದೇನೆ' ಎಂದು ಟಿಕ್ ಹಾಕುವ ಚೌಕವೂ ಇತ್ತು. ಅಲ್ಲಿಗೆ ಬಂದ ಗಿರಾಕಿಗಳು ಹಿಂದಕ್ಕೆ ಹೋಗುತ್ತಾರೆಂದು ಅದನ್ನೂ ತಾನೇ ಕಿತ್ತುಹಾಕಿ, ಷರತ್ತುಗಳನ್ನು ಪುಟದ ಕಟ್ಟಕಡೆಗೆ ಇರುವೆಯಂಥ ಅಕ್ಷರದಲ್ಲಿ ತಳ್ಳಿದ.

ನಿವೃತ್ತ ನರ್ಸಮ್ಮ ಒಬ್ಬರು ವೆಬ್‌ಸೈಟಿನಲ್ಲಿ ಆರ್ಡರ್ ಕೊಟ್ಟು, ತೀರಿಹೋದ ತಮ್ಮ ತಾಯಿಯ ಹಳೇ ಫೋಟೋವನ್ನು ಅಂಚೆಯಲ್ಲಿ ಕಳಿಸಿದ್ದರು. ಸೊಂಟದ ಆಪರೇಷನ್ ಆಗಿ ಐವತ್ತು ದಿನ ಅವರಿಗೆ ಇತ್ತ ಗಮನ ಕೊಡಲಾಗಲಿಲ್ಲ. ಅಷ್ಟರಲ್ಲಿ ಮಾವ ಕಪಾಟು ಖಾಲಿ ಮಾಡುವ ಭರದಲ್ಲಿ ಮೂಲ ಫೋಟೋವನ್ನು ಚೂರು ಮಾಡಿ ಎಸೆದುಬಿಟ್ಟಿದ್ದ. ಹೊಸ ಪ್ರಿಂಟೇನೋ ಇತ್ತು. ಹಿಂಬದಿಯಲ್ಲಿ ಆ ತಾಯಿ ಕೈಯಾರೆ ಬರೆದಿದ್ದ ನಾಲ್ಕು ಸಾಲು? ಹಿಂಬದಿಯನ್ನು ಅವನು ತಿರುಗಿಸಿ ಕೂಡ ನೋಡಿರಲಿಲ್ಲ.

ನರ್ಸಮ್ಮ ಫೋನಿನಲ್ಲಿ ರೇಗಿದಾಗ, "ಷರತ್ತಲ್ಲಿ ಎಲ್ಲಾ ಬರೆದಿದೆಯಲ್ಲಮ್ಮ, ಓದ್ಕೋಬೇಕಿತ್ತು," ಎಂದು ಕೈತೊಳೆದುಕೊಂಡ.

ಕೈ ತೊಳೆದರೂ ಭಯ ಹೋಗಲಿಲ್ಲ. ಕೇಸು ಹಾಕಿದರೆ ಏನು ಗತಿ ಎಂದು ವಕೀಲನಾಗಿದ್ದ ಬಾಮೈದನಿಗೆ ವೆಬ್‌ಸೈಟ್ ತೋರಿಸಿದ.

"ಭಾವ, ಇದು ಕೋರ್ಟಲ್ಲಿ ನಿಲ್ಲಲ್ಲ. ಕಣ್ಣಿಗೇ ಬೀಳದ ಷರತ್ತಿಗೆ ಅವರು ಒಪ್ಪಿದ ಹಾಗೆ ಹೇಗಾಗುತ್ತೆ? ಆರ್ಡರ್‌ಗೆ ಮುಂಚೆ ತೋರಿಸಿ, ಟಿಕ್ ಹಾಕಿಸ್ಕೊಂಡಿದ್ರೆ ಮಾತು ಬೇರೆ."

"ಚೌಕ ಇತ್ತು ಕಣೋ. ನಾನೇ ತೆಗೆಸಿದೆ."

"ಅಯ್ಯೋ ದೇವರೇ! ಅದನ್ನ ಯಾರ ಹತ್ರಾನೂ ಬಾಯಿ ಬಿಡಬೇಡಿ."

ಮಾವ ಅವತ್ತೇ ಚೌಕವನ್ನು ಮತ್ತೆ ಹಾಕಿಸಿದ, ಮೂವತ್ತು ದಿನದ ಸಾಲನ್ನು ಅಳಿಸಿದ. ಆದರೂ ನಾಚಿಕೆ ಬಿಡಲಿಲ್ಲ. ಕೊನೆಗೆ ಬೈಸಿಕೊಂಡು ಬರೋಣವೆಂದೇ ಪ್ರಿಂಟ್ ಹಿಡಿದು ನರ್ಸಮ್ಮನ ಮನೆಗೆ ಹೋದ.

ಅವರು ಕೋಲೂರಿಕೊಂಡು ಬಂದು ಬಾಗಿಲು ತೆಗೆದರು. "ಬಾಪ್ಪಾ, ಕೂತ್ಕೋ. ಅವತ್ತು ರೇಗಿದ್ದಕ್ಕೆ ಬೇಜಾರು ಮಾಡ್ಕೋಬೇಡ. ತಪ್ಪು ನಂದೇ. ನಲವತ್ತು ವರ್ಷ ಔಷಧಿ ಚೀಟೀನ ಎರಡೆರಡು ಸಲ ಓದಿದೋಳು, ಇದನ್ನ ಓದ್ಲಿಲ್ಲ ನೋಡು. ಅಮ್ಮನ ಅಕ್ಷರಾನ ನಾನೇ ಕಳ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ಹೇಗೆ ತಡೆದುಕೊಳ್ಳುವುದು? ಬಾಮೈದನ ಮಾತು ನೆನಪಿತ್ತು. ಸುಮ್ಮನೆ ತಲೆಯಾಡಿಸಿ ಎದ್ದು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನಿಮ್ಮ ತಪ್ಪಿಲ್ಲಮ್ಮ," ಎಂದ. "ನೀವು ಓದೋ ಜಾಗದಲ್ಲಿ ಅದು ಇರ್ಲೇ ಇಲ್ಲ. ಬೇಕು ಅಂತ್ಲೇ ಮೂಲೆಗೆ ತಳ್ಳಿದ್ದೆ."

ನರ್ಸಮ್ಮ ಅವನನ್ನೇ ನೋಡಿದರು.

"ಹಾಗಾದ್ರೆ ಇಷ್ಟು ದಿನ ನಾನು ಅಮ್ಮನ ಹತ್ರ ಕ್ಷಮೆ ಕೇಳ್ತಿದ್ದದ್ದು... ನಿನ್ನ ತಪ್ಪಿಗಾ?"

"ಹೌದಮ್ಮ," ಎಂದ ಮಾವ, ನೆಲ ನೋಡುತ್ತಾ.