ಗೋಡೆಯ ಮೇಲೆ ಇಲ್ಲದ ಅಕ್ಷರಗಳು

ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ. ರಸ್ತೆ ಬದಿಯ ಮನೆಗಳಲ್ಲಿ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ನಮ್ಮ ಧಣಿಗಳೂ ಎಲ್ಲರಂತೆ ಲಾರಿ ಕೊಂಡರು. ಮೊದಲ ಲಾರಿಗೆ ನಾನೇ ಡ್ರೈವರ್. ಬೇರೆ ಮಾಲೀಕರು ವರ್ಷಕ್ಕೊಂದು ಕಾರು ಬದಲಿಸಿದರೆ, ಇವರು ಹುಟ್ಟೂರು ಕುರುಗೋಡಿನಲ್ಲಿ ಪುಕ್ಕಟೆ ದವಾಖಾನೆ ತೆರೆದರು. ಗಿರಣಿಯ ಭತ್ತ ಒಣಗಿಸುವ ಕಣದಲ್ಲಿ ಶಾಮಿಯಾನ ಹಾಕಿಸಿ ಕಣ್ಣಿನ ತಪಾಸಣೆ ಇಡಿಸಿದರು.

ಮೊದಲು ತಮ್ಮ ಡ್ರೈವರುಗಳೇ ತೋರಿಸಿಕೊಳ್ಳಬೇಕೆಂದು ಅವರ ಹಟ. ನನಗೋ, ಎದುರಿನ ಗಾಡಿ ಹೊಗೆಯೊಳಗಿದ್ದಂತೆ ಕಾಣತೊಡಗಿ ಆರು ತಿಂಗಳಾಗಿತ್ತು, ಹೆಂಡತಿಗೂ ಹೇಳಿರಲಿಲ್ಲ. ಸ್ಟೇರಿಂಗ್ ಬಿಟ್ಟರೆ ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಬೆಳಿಗ್ಗೆಯೇ ತೋರಿಸಿಕೊಂಡು ಬಂದ ಗೆಳೆಯನಿಗೆ ಗಂಟುಬಿದ್ದು, ಗಿರಣಿಯ ಗೋಡೆಗೆ ತೂಗುಹಾಕಿದ್ದ ಪಟದ ಅಕ್ಷರಗಳನ್ನೆಲ್ಲ ಹೇಳಿಸಿಕೊಂಡು ಬಾಯಿಪಾಠ ಮಾಡಿದೆ.

“ಸಾಲ್ಯಾಗ ಹಿಂಗ ಓದಿದ್ರ ಆ ಕುರ್ಚಿ ಮ್ಯಾಲ ನೀನ ಡಾಕ್ಟರಾಗಿ ಕುಂತಿರ್ತಿದ್ದಿಲೇ” ಎಂದ ಅವನು.

ಊಟವಾದ ಮೇಲೆ ನನ್ನ ಸರದಿ. ಎಲ್ಲಿಯೂ ತಡವರಿಸದೆ ಕೊನೆಯ ಸಾಲಿನವರೆಗೆ ಒಪ್ಪಿಸಿದೆ. ಪಕ್ಕದಲ್ಲಿ ನಿಂತಿದ್ದ ಧಣಿಗಳು ನಗು ತಡೆಯಲಾರದೆ ಕೆಮ್ಮತೊಡಗಿದರು. ಊಟದ ಹೊತ್ತಿನಲ್ಲಿ ಡಾಕ್ಟರು ಪಟ ಬದಲಿಸಿದ್ದರು.

“ಭಾರಿ ಕಣ್ಣಲೇ ನಿಂದು! ಗೋಡಿ ಮ್ಯಾಲ ಇಲ್ಲದ್ದೂ ಕಾಣಾಕತ್ತೈತಿ” ಎಂದರು ಧಣಿಗಳು.

ಡಾಕ್ಟರು ಬ್ಯಾಟರಿ ಹಿಡಿದು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ನಾನು ಕೈಮುಗಿದೆ.

“ಧಣೀ, ಸ್ಟೇರಿಂಗ್ ಮಾತ್ರ ಬಿಡಿಸಬ್ಯಾಡ್ರಿ.”

“ಪೊರಿ ತೆಗಸ್ತೀನಿ, ಸ್ಟೇರಿಂಗ್ ಅಲ್ಲ. ಆದ್ರ ಒಂದ ಮಾತು. ಕಾಣ್ಲಿಲ್ಲಂದ್ರ ಗಾಡಿ ನಿಲ್ಲಸು. ಮುಚ್ಚಿಡಬ್ಯಾಡ.”

ಬಳ್ಳಾರಿಯಲ್ಲಿ ಒಂದಾದ ಮೇಲೊಂದು ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅದೇ ಊರಿನ ಬ್ರೂಸ್‌ಪೇಟೆಯಲ್ಲಿದ್ದ ಧಣಿಗಳ ಅಕ್ಕಿ ಅಂಗಡಿಯಲ್ಲಿ ಕೂತರೆ, ಬಂದವರೆಲ್ಲ “ಯಾವ ಪಿಚ್ಚರ್ ಹೀರೋ ರೀ ಇವ್ರು?” ಎಂದು ಕಾಡುತ್ತಿದ್ದರು. ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಧಣಿಗಳು ನನಗೆ ಲಾರಿಯ ಬದಲು ದವಾಖಾನೆಯ ವ್ಯಾನಿನ ಕೀಲಿ ಕೊಟ್ಟರು. ಡಾಕ್ಟರು, ನರ್ಸಮ್ಮ, ಔಷಧಿ ಪೆಟ್ಟಿಗೆ ಹಿಂದೆ. ಧಣಿಗಳು ನನ್ನ ಪಕ್ಕ. ಊರು ದಾಟಿದ ಕೂಡಲೇ ಕೇಳುತ್ತಿದ್ದರು:

“ಮುಂದಿನ ಗಾಡಿ ನಂಬರ್ ಓದಲೇ.”

ನಾನು ಓದಬೇಕು. ಒಮ್ಮೆ ಬೇಕೆಂದೇ ತಪ್ಪು ಓದಿದೆ. ಗಾಬರಿಯಿಂದ ನನ್ನ ಕಣ್ಣೊಳಗೇ ಇಣುಕಿದರು. ನಕ್ಕುಬಿಟ್ಟೆ. ಕುರುಗೋಡು ಬರುವವರೆಗೂ ಬೈಗುಳ ತಿಂದೆ.

ಹೋದ ವರ್ಷ ಧಣಿಗಳು ತೀರಿಕೊಂಡರು. ಬಳ್ಳಾರಿಯಿಂದ ಕುರುಗೋಡಿಗೆ ಅವರನ್ನು ಅದೇ ವ್ಯಾನಿನಲ್ಲಿ ಕರೆದೊಯ್ದೆ. ಪಕ್ಕದ ಸೀಟಿನಲ್ಲಿ ಅವರ ಮಗಳು. ಊರು ದಾಟಿದ ಮೇಲೆ ಯಾರೂ ಏನೂ ಕೇಳಲಿಲ್ಲ. ರೂಢಿಯಂತೆ ನಾನೇ ಮುಂದಿನ ಗಾಡಿಯ ನಂಬರ್ ನೋಡಿದೆ. ಒಂದಂಕಿಯೂ ಕಾಣಲಿಲ್ಲ, ಎಲ್ಲ ನೀರು ನೀರು. ವ್ಯಾನನ್ನು ಬದಿಗೆ ತಂದು ನಿಲ್ಲಿಸಿದೆ.

“ಯಾಕ ಕಾಕಾ?” ಎಂದಳು ಆಕೆ.

“ನಂಬರ್ ಕಾಣವಲ್ದವ್ವ” ಎಂದೆ.

ಆ ಆಟ ಅವಳಿಗೂ ಗೊತ್ತಿತ್ತು. ಅಳುತ್ತಿದ್ದವಳು ನಕ್ಕು, ತನ್ನ ಸೆರಗಿನಿಂದಲೇ ನನ್ನ ಕನ್ನಡಕ ಒರೆಸಿ ಕೊಟ್ಟಳು. ಹಿಂದಿನಿಂದ ಬಂದ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಅದರ ನಂಬರನ್ನು ಕೊನೆಯ ಅಂಕಿಯವರೆಗೆ ಗಟ್ಟಿಯಾಗಿ ಓದಿ, ಗೇರ್ ಹಾಕಿದೆ.