ಒಲೆ ನೋಡಿ ಕಾಯಿಲೆ ಎಣಿಸುವ ಅಂಬುಬಾಯಿ

ಬೆಳಗಿನ ಐದೂಕಾಲು. ಹೈದರಾಬಾದಿನ ಹೈಟೆಕ್ ಸಿಟಿಯ ಹಿಂಬದಿಯಲ್ಲಿ ಇನ್ನೂ ಗಾಜು ಕೂರದ ಹದಿನಾಲ್ಕು ಅಂತಸ್ತಿನ ಕಟ್ಟಡ. ಅದರ ಬುಡದಲ್ಲಿ ಅರವತ್ತೆರಡು ತಗಡಿನ ಶೆಡ್ಡುಗಳು, ಶೆಡ್ಡಿಗೊಂದು ಮೂರು ಕಲ್ಲಿನ ಒಲೆ. ಅಂಬುಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದೇ ಒಲೆಯ ಮುಂದೆ ಬಗ್ಗುತ್ತಾರೆ. "ಏನವ್ವಾ, ಬ್ಯಾಳಿ ಕುದ್ದಾವೇನು?" ಎನ್ನುತ್ತ ಮುಚ್ಚಳ ಸರಿಸಿ ಇಣುಕುತ್ತಾರೆ, ಎರಡು ಮಾತಾಡಿ ಮುಂದಕ್ಕೆ ನಡೆಯುತ್ತಾರೆ. ಒಂದು ಶೆಡ್ಡು ದಾಟಿದ ಮೇಲೆ (ಯಾವುದೆಂದು ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ) ಹಿಂದೆ ಬರುತ್ತಿರುವ ವಿದ್ಯಾರ್ಥಿನಿಗೆ ತೆಲುಗಿನಲ್ಲಿ ಪಿಸುಗುಟ್ಟುತ್ತಾರೆ. ಆಕೆ ತನ್ನ ಹಾಳೆಯಲ್ಲಿ ಒಂದು ಗೀಟು ಎಳೆಯುತ್ತಾಳೆ.

ಆ ಪಾತ್ರೆಯಲ್ಲಿದ್ದದ್ದು ಅರಿಶಿಣ, ಖಾರ, ಒಗ್ಗರಣೆ ಯಾವುದೂ ಇಲ್ಲದ ಪೇಲವ ಬೇಳೆ. ಅಂದರೆ ಆ ಮನೆಯಲ್ಲಿ ಪಥ್ಯ ನಡೆದಿದೆ. ಪಥ್ಯ ನಡೆದಿದೆ ಎಂದರೆ ಯಾರಿಗೋ ಕಾಮಣಿ, ಎಂದರೆ ಕಾಮಾಲೆ, ಆಗಿದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಊರಿನಿಂದ ಬಸ್ಸಿನಲ್ಲಿ ಬರುವ ನಾಟಿ ಔಷಧವನ್ನು ಮೂರು ಭಾನುವಾರ (ಇಲ್ಲಿನವರ ಬಾಯಲ್ಲಿ ಐತವಾರ) ಕುಡಿಯಬೇಕು. ಮುಗಿಯುವ ತನಕ ರೋಗದ ಹೆಸರೆತ್ತಬಾರದು, ಸೂಜಿ ಚುಚ್ಚಿಸಿಕೊಳ್ಳಬಾರದು, ಇಲ್ಲದಿದ್ದರೆ ಔಷಧ ಮುರಿಯುತ್ತದೆ ಎಂಬುದು ಇಲ್ಲಿನವರ ನಂಬಿಕೆ.

"ಮಂದಿ ಬಾಯಿಲೆ ಇಲ್ಲ ಅಂತಾರ್ರಿ," ಎನ್ನುತ್ತಾರೆ ಅಂಬುಬಾಯಿ. "ಅಡಗಿ ಹೆಂಗ ಮುಚ್ಚಿಡ್ತಾರ? ಹಸಿವ್ಯಾದ್ರ ಒಲಿ ಹಚ್ಚಬೇಕಲ್ಲ."

ಇದು 2005ರ ಜೂನ್ ತಿಂಗಳ ಒಂದು ಶುಕ್ರವಾರ. ಶೆಡ್ಡುಗಳಿಂದ ಅರ್ಧ ಕಿಲೋಮೀಟರು ದೂರದಲ್ಲಿ ಒಂದು ಖಾಸಗಿ ವೈದ್ಯಕೀಯ ಕಾಲೇಜಿದೆ. ಅದರ ಹುಡುಗಿಯರ ಹಾಸ್ಟೆಲಿನಲ್ಲಿ ಮೂವತ್ತೊಂದು ಮಂದಿ ಕಾಮಾಲೆಯಿಂದ ಮಲಗಿದ್ದಾರೆ. ಹಾಸ್ಟೆಲಿನ ಮೆಸ್ಸಿನಲ್ಲಿ ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಆರು ಹೆಂಗಸರು ಇದೇ ಶೆಡ್ಡುಗಳಿಂದ ಹೋಗುವವರು. ರೋಗ ತಂದವರು ಅವರೇ ಎಂದು ಆಡಳಿತ ಒಂದೇ ಮಾತಿನಲ್ಲಿ ತೀರ್ಮಾನಿಸಿ ಆರೂ ಜನರನ್ನು ಹೊರಗಟ್ಟಿದೆ. ಪರೀಕ್ಷೆ ಇಲ್ಲ, ವಿಚಾರಣೆ ಇಲ್ಲ. ಡಾಕ್ಟರುಗಳನ್ನು ತಯಾರಿಸುವ ಸಂಸ್ಥೆ ಕಣ್ರೀ ಇದು! ಅಂಬುಬಾಯಿಯ ಹಿಂದೆ ಹಾಳೆ ಹಿಡಿದು ಬರುತ್ತಿರುವ ವಿದ್ಯಾರ್ಥಿನಿ ವನಜಾಳ ಸಂಶೋಧನಾ ತಂಡ ಸೋಮವಾರ ವರದಿ ಒಪ್ಪಿಸಬೇಕು. ಆ ಆರು ಜನರ ಕೆಲಸ ಉಳಿಯುವುದೂ ಹೋಗುವುದೂ ಅದರ ಮೇಲೆ ನಿಂತಿದೆ.

ಸುದ್ದಿ ಮಾಡಲೆಂದು ನಾನು ಬಂದದ್ದು ವಿದ್ಯಾರ್ಥಿಗಳ ಸಂಶೋಧನೆಯ ಬಗ್ಗೆ. ಸಿಕ್ಕಿದವರು ಅಂಬುಬಾಯಿ.

ಗುಲಬರ್ಗಾ ಜಿಲ್ಲೆಯ ಗುರುಮಠಕಲ್ ಕಡೆಯ ಹೆಣ್ಣುಮಗಳು. ವಯಸ್ಸು ಕೇಳಿದರೆ "ನಲವತ್ತೈದೋ ಐವತ್ತೋ, ನೀವ ಬರಕೋರಿ" ಎನ್ನುತ್ತಾರೆ. ಕಾಲೇಜಿನ ಸಮುದಾಯ ಆರೋಗ್ಯ ವಿಭಾಗದಲ್ಲಿ ಐದು ವರ್ಷದಿಂದ ದಿನಗೂಲಿ. ರಿಜಿಸ್ಟರಿನಲ್ಲಿ ಅವರ ಕೆಲಸ ಕಸ ಗುಡಿಸುವುದು. ಮಾಡುವ ಕೆಲಸವೇ ಬೇರೆ. ವಿದ್ಯಾರ್ಥಿಗಳನ್ನು ಶೆಡ್ಡು, ಕೊಳೆಗೇರಿಗಳಿಗೆ ಕರೆದೊಯ್ಯುವುದು, ನಾಯಿ ಅಟ್ಟುವುದು, ನೀರಿನ ಮಾದರಿಯ ಬಾಟಲಿ ಹೊರುವುದು, ಎಲ್ಲಕ್ಕಿಂತ ಮುಖ್ಯವಾಗಿ ಕನ್ನಡದವರ ಮಾತನ್ನು ತೆಲುಗಿಗೂ ಹಿಂದಿಗೂ ದಾಟಿಸುವುದು. ದಿನಕ್ಕೆ ಎಂಟೊಂಬತ್ತು ಕಿಲೋಮೀಟರು ನಡಿಗೆ, ನಲವತ್ತು ಮನೆ. ಐದು ವರ್ಷದಲ್ಲಿ ಹನ್ನೆರಡು ಪ್ರಬಂಧಗಳಿಗೆ ಹೀಗೆ ನಡೆದಿದ್ದಾರೆ. ಒಂದರಲ್ಲೂ ಅವರ ಹೆಸರಿಲ್ಲ. ವಿಭಾಗದ ಕಪಾಟು ತೆರೆಸಿ ನಾನೇ ನೋಡಿದೆ.

ಅದಕ್ಕೂ ಮೊದಲು ಅವರೂ ಗಂಡ ಸೂಗಪ್ಪನೂ ಇಂಥದೇ ಇನ್ನೊಂದು ಕಟ್ಟಡಕ್ಕೆ ಇಟ್ಟಿಗೆ ಹೊತ್ತವರು. 1999ರ ಮಳೆಗಾಲದಲ್ಲಿ ಅಲ್ಲಿ ವಾಂತಿಭೇದಿ ಹಬ್ಬಿತು. ಕೆಲಸ ನಿಲ್ಲುತ್ತದೆಂದು ಅಲ್ಲಿನ ಮೇಸ್ತ್ರಿ, ಕಾಯಿಲೆ ಬಿದ್ದ ಹನ್ನೊಂದು ಜನರನ್ನು ಲಾರಿಗೆ ಹತ್ತಿಸಿ ಊರಿಗೆ ಸಾಗಹಾಕಿದ. "ಕೊಡಂಗಲ್ಲ ದಾಟೂದ್ರಾಗ ನಮ್ಮ ಮಾಲಕರು ಕಣ್ಣ ಮುಚ್ಚಿದ್ರು," ಎನ್ನುತ್ತಾರೆ ಅಂಬುಬಾಯಿ, ಗಂಡನ ಬಗ್ಗೆ. "ಲಾರಿ ನಿಲ್ಲಸ್ರಿ ಅಂತ ಹೊಯ್ಕೊಂಡೆ. ಡ್ರೈವರಗ ಕೇಳಿಸ್ಲಿಲ್ಲೋ, ಕೇಳಿಸಿದ್ರೂ ಸುಮ್ಮನಿದ್ನೋ, ಆ ದೇವರಿಗೇ ಗೊತ್ತು."

ಇಷ್ಟು ತಿಳಿದ ಮೇಲೆಯೇ ಮುಂದಿನದನ್ನು ಹೇಳಬೇಕು. ಯಾಕೆಂದರೆ ಈಗ ಹೇಳುವುದು ಅಂಬುಬಾಯಿಯ ತಪ್ಪು. ಇದನ್ನು ನನಗೆ ತಿಳಿಸಿದವರೂ ಅವರೇ.

ಹಿಂದಿನ ವಾರ ಇದೇ ಶೆಡ್ಡುಗಳಲ್ಲಿ ಮೊದಲ ಸರ್ವೆ ನಡೆದಿತ್ತು. ವನಜಾ ವಿಜಯವಾಡದ ಕಡೆಯ ಹುಡುಗಿ, ಕನ್ನಡ ಒಂದಕ್ಷರ ಬಾರದು. ಆಕೆ ತೆಲುಗಿನಲ್ಲಿ ಕೇಳುತ್ತಿದ್ದಳು, ಅಂಬುಬಾಯಿ ಕನ್ನಡದಲ್ಲಿ ಕೇಳಿ ಉತ್ತರ ದಾಟಿಸುತ್ತಿದ್ದರು. ಹೆಚ್ಚಿನವರು ಇಲ್ಲವೆಂದರು. ನಾಲ್ಕು ಮನೆಯವರು ಮಾತ್ರ, ನಮ್ಮವಳೇ ಅಲ್ಲವೇ ಎಂಬ ಸಲಿಗೆಯಿಂದ, ಕಾಮಣಿ ಆಗಿದೆ ಎಂದರು. ಅಂಬುಬಾಯಿ ವನಜಾಳ ಕಡೆ ತಿರುಗಿ "ಲೇದಮ್ಮಾ", ಇಲ್ಲಮ್ಮಾ, ಎಂದರು. ನಾಲ್ಕು ಸಲ ಹಾಗೆಯೇ ಅಂದರು. ಅರವತ್ತೆರಡು ಶೆಡ್ಡು, ರೋಗಿಗಳು ಸೊನ್ನೆ ಎಂದು ಹಾಳೆ ತುಂಬಿತು.

"ಸೊನ್ನಿ ಇದ್ರ ಮೆಸ್ಸಿನ ಹೆಣ್ಣಮಕ್ಕಳು ಉಳೀತಾರ, ಇಲ್ಲಿ ಯಾರನೂ ಲಾರಿ ಹತ್ಸೂದಿಲ್ಲ ಅಂದ್ಕೊಂಡೆ," ಎನ್ನುತ್ತಾರೆ. "ಭಾಳ ಶಾಣ್ಯಾ ಕೆಲಸ ಮಾಡೀನಿ ಅಂತ ಒಳಗೊಳಗ ಖುಷಿನೂ ಆಗಿತ್ರಿ."

ಆ ನಾಲ್ಕು ಮನೆಗಳಲ್ಲಿ ಒಂದು ಶಿವಗಂಗಾಳದು. ಇಪ್ಪತ್ತೆರಡರ ಹುಡುಗಿ, ಏಳು ತಿಂಗಳ ಬಸುರಿ. ಅಂಬುಬಾಯಿ ಕೈ ಹಿಡಿದು "ಅಕ್ಕಾ, ದವಾಖಾನಿಗೆ ಒಯ್ಯಬ್ಯಾಡ, ಇನ್ನೆರಡು ಐತವಾರ ಔಷಧ ಐತಿ" ಎಂದಿದ್ದಳು. ಅಂಬುಬಾಯಿ ಆಗಲೆಂದರು.

ಬುಧವಾರ ವಿಭಾಗದ ಪ್ರೊಫೆಸರ್ ವಿಜಯಶ್ರೀ ಇದೇ ಕಾಮಾಲೆಯ ಬಗ್ಗೆ ಪಾಠ ಮಾಡುತ್ತಿದ್ದರು. ಅಂಬುಬಾಯಿ ಎಂದಿನಂತೆ ಗೋಡೆ ಪಕ್ಕ ಚಾರ್ಟು ಹಿಡಿದು ನಿಂತಿದ್ದರು. ಇಂಗ್ಲಿಷ್ ಅಷ್ಟಾಗಿ ತಿಳಿಯದು. ಆದರೆ ಚಾರ್ಟಿನಲ್ಲಿ ಬಸುರಿ ಹೆಂಗಸಿನ ಚಿತ್ರವಿತ್ತು, ಪಕ್ಕದಲ್ಲಿ ಕೆಂಪು ಗುರುತು. ಪಾಠ ಮುಗಿದ ಕೂಡಲೇ ವನಜಾಳನ್ನು ಹಿಡಿದು ಕೇಳಿದರು. ನೀರಿನಿಂದ ಬರುವ ಈ ಕಾಮಾಲೆ ಬೇರೆಯವರಿಗೆ ಸಾಮಾನ್ಯವಾಗಿ ವಾಸಿಯಾಗುತ್ತದೆ, ದಿನ ತುಂಬುತ್ತಿರುವ ಬಸುರಿಗೆ ಬಂದರೆ ಜೀವಕ್ಕೇ ಅಪಾಯ ಎಂದಳು ವನಜಾ.

"ಡಾಕ್ಟರಮ್ಮಾ, ನಿನ್ನ ಕಾಗದ ಸುಳ್ಳೈತಿ, ನಾನ ಸುಳ್ಳ ಮಾಡೀನಿ, ಮೊದ್ಲ ಗಾಡಿ ತರಸು ಅಂದೆ."

ಶಿವಗಂಗಾಳನ್ನು ನಗರದೊಳಗಿನ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಆಕೆ ತೊದಲುತ್ತಿದ್ದಳು. ಗಂಡ ಪರಮೇಶನ ಗುರುತೂ ಹತ್ತುತ್ತಿರಲಿಲ್ಲ. ನಾನು ಅಂಬುಬಾಯಿಯನ್ನು ಮೊದಲು ಕಂಡ ಈ ಶುಕ್ರವಾರ ಆಕೆಗೆ ಪೂರ್ತಿ ಎಚ್ಚರ ತಪ್ಪಿ ಒಂದು ದಿನವಾಗಿದೆ. ಅಂಬುಬಾಯಿ ಬೆಳಿಗ್ಗೆ ಒಲೆ ನೋಡುತ್ತಾರೆ, ಮಧ್ಯಾಹ್ನ ಬಸ್ಸು ಹಿಡಿದು ಆಸ್ಪತ್ರೆಗೆ ಓಡುತ್ತಾರೆ. ನಡುವೆ ಊಟ ಮಾಡಿದ್ದನ್ನು ನಾನಂತೂ ಕಾಣೆ.

ಎರಡನೇ ಸರ್ವೆ ಒಲೆ ನೋಡಿಯೇ ಆಗಬೇಕೆಂದು ಹೇಳಿದವರು ಅಂಬುಬಾಯಿ. ಇನ್ನೂ ಎರಡು ಷರತ್ತು ಹಾಕಿದರು. ಗೀಟು ಬಿದ್ದ ಮನೆಯವರನ್ನು ಆಮೇಲೆ ನಲ್ಲಿಯ ಹತ್ತಿರವೋ ಇನ್ನೆಲ್ಲೋ ಒಬ್ಬೊಬ್ಬರನ್ನೇ ಮಾತಾಡಿಸಬೇಕು, ಒಪ್ಪಿದರೆ ಮಾತ್ರ ಎಣಿಕೆಗೆ ಹಿಡಿಯಬೇಕು. ಹಾಳೆಯ ಮೇಲೆ ಹೆಸರಾಗಲಿ ಶೆಡ್ಡಿನ ನಂಬರಾಗಲಿ ಇರಕೂಡದು. ರೋಗ ಶುರುವಾದ ದಿನ ಕೂಲಿಯವರಿಗೆ ತಾರೀಖಿನ ಲೆಕ್ಕದಲ್ಲಿ ನೆನಪಿರುವುದಿಲ್ಲ. "ಔಷಧ ಎಷ್ಟ ಐತವಾರ ಆತು?" ಎಂದು ಅಂಬುಬಾಯಿ ಕೇಳುತ್ತಾರೆ. ಒಂದು, ಎರಡು ಎಂಬ ಉತ್ತರದಿಂದ ವನಜಾ ತಾರೀಖು ಹಿಡಿಯುತ್ತಾಳೆ. ಯಾವ ಪಠ್ಯಪುಸ್ತಕದಲ್ಲೂ ಈ ದಾರಿ ಇಲ್ಲವೆಂದು ಪ್ರೊಫೆಸರರೇ ನನ್ನೆದುರು ಒಪ್ಪಿಕೊಂಡರು.

ಶನಿವಾರ ಬೆಳಿಗ್ಗೆ ಶೆಡ್ಡುಗಳ ಮೇಸ್ತ್ರಿ ವೈಜನಾಥ ಅಡ್ಡ ನಿಲ್ಲುತ್ತಾರೆ. ಬಾಯಲ್ಲಿ ಗುಟ್ಕಾ, ಕೈಯಲ್ಲಿ ಮೊಬೈಲು.

"ಏನ್ ಅಂಬುಬಾಯಿ, ನಿಮ್ಮ ಹಾಸ್ಟೆಲ್ಲಿನ ರೋಗ ನಮ್ಮ ಕೊರಳಿಗೆ ಕಟ್ಟಾಕ ಬಂದಿಯೇನು?"

"ಇಲ್ರಿ ಯಜಮಾನ್ರ. ಎಲ್ಲಿಂದ ಬಂತಂತ ನೋಡಾಕತ್ತೀವಿ."

"ಯಾರ ಮನ್ಯಾಗ ಐತಿ, ಹೇಳು. ಇವತ್ತ ಬಸ್ ಹತ್ತಸ್ತೀನಿ."

"ಎಷ್ಟು ಮಂದಿಗೈತಿ ಅಂತ ಹೇಳ್ತೀನ್ರಿ. ಯಾರಿಗೈತಿ ಅಂತ ಹೇಳೂದಿಲ್ಲ."

ವೈಜನಾಥ ವನಜಾಳ ಕೈಯಿಂದ ಹಾಳೆ ಕಸಿದುಕೊಳ್ಳುತ್ತಾರೆ. ತಿರುಗಾಮುರುಗಾ ಹಿಡಿದು ನೋಡುತ್ತಾರೆ. ಬರೀ ಗೀಟುಗಳು. ಹಾಳೆಯನ್ನು ನೆಲಕ್ಕೆಸೆದು ಅವರು ಹೊರಟುಹೋಗುತ್ತಾರೆ. ಅಂಬುಬಾಯಿ ಅದನ್ನೆತ್ತಿ ಮಣ್ಣು ಕೊಡವಿ ವನಜಾಳಿಗೆ ಕೊಡುತ್ತಾರೆ.

ಭಾನುವಾರದ ಹೊತ್ತಿಗೆ ಲೆಕ್ಕ ಸ್ಪಷ್ಟವಾಗುತ್ತದೆ. ಹದಿನೇಳು ಒಲೆಗಳು, ಇಪ್ಪತ್ತೆರಡು ರೋಗಿಗಳು. ಎಲ್ಲರೂ ಹಾಸ್ಟೆಲಿನ ಹುಡುಗಿಯರು ಮಲಗಿದ ಅದೇ ಎರಡು ವಾರದಲ್ಲಿ ಮಲಗಿದವರು. ಮೆಸ್ಸಿನ ಆರು ಹೆಂಗಸರಲ್ಲಿ ಒಬ್ಬರಿಗೂ ರೋಗವಿಲ್ಲ, ರಕ್ತಪರೀಕ್ಷೆಯೂ ಸರಿಯಾಗಿದೆ. ಏಪ್ರಿಲ್ ಕೊನೆಗೆ ರಸ್ತೆ ಅಗೆತದಲ್ಲಿ ಪೈಪು ಒಡೆದು ಮಂಜೀರಾ ನದಿಯ ನಲ್ಲಿನೀರು ನಿಂತಾಗ, ಹಾಸ್ಟೆಲಿನ ತೊಟ್ಟಿಗೂ ಶೆಡ್ಡಿನ ಡ್ರಮ್ಮುಗಳಿಗೂ ನೀರು ಸುರಿದದ್ದು ಒಂದೇ ಟ್ಯಾಂಕರು. ಅದು ತುಂಬಿಸಿಕೊಳ್ಳುತ್ತಿದ್ದ ಬಾವಿ ಮೋರಿಯ ಪಕ್ಕದಲ್ಲೇ ಇದೆ.

ಅದೇ ಭಾನುವಾರ ಸಂಜೆ ಶಿವಗಂಗಾಳಿಗೆ ಹೆರಿಗೆಯಾಗುತ್ತದೆ. ಮಗು ಸತ್ತೇ ಹುಟ್ಟುತ್ತದೆ. ತಾಯಿಗೆ ಎಚ್ಚರವಿಲ್ಲ.

ಸೋಮವಾರದ ಸಭೆಯಲ್ಲಿ ವನಜಾ ತಡವರಿಸುತ್ತಲೇ ಎಲ್ಲವನ್ನೂ ತೆರೆಯ ಮೇಲೆ ತೋರಿಸುತ್ತಾಳೆ. ಹೊರಗಟ್ಟಿದ ಆರು ಜನರ ಪರವಾಗಿ ಸುಗಲಮ್ಮ ಎಂಬಾಕೆ ಬಾಗಿಲಾಚೆ ನೆಲದ ಮೇಲೆ ಕೂತಿದ್ದಾರೆ. ಆಡಳಿತಾಧಿಕಾರಿ ಕನ್ನಡಕ ತೆಗೆದು ಕೇಳುತ್ತಾರೆ: "ಹೋದ ವಾರ ಸೊನ್ನೆ, ಈ ವಾರ ಇಪ್ಪತ್ತೆರಡು. ನಾವು ಯಾವುದನ್ನು ನಂಬುವುದು? ಎರಡನ್ನೂ ಬಿಟ್ಟುಬಿಡೋಣ, ಆ ಹೆಂಗಸರು ಹೊರಗೇ ಇರಲಿ."

ಮೊದಲನೆಯದು ಸುಳ್ಳು ಎಂದು ವನಜಾ ಹೇಳಿದರೆ, ಸುಳ್ಳು ಹೇಳಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ದಿನಗೂಲಿಯವರನ್ನು ತೆಗೆಯಲು ಒಂದು ಚೀಟಿಯೂ ಬೇಡ. ನೀರಿನ ಬಾಟಲಿಗಳ ಬುಟ್ಟಿ ಹಿಡಿದು ಗೋಡೆಗೆ ಒರಗಿದ್ದ ಅಂಬುಬಾಯಿ ಬುಟ್ಟಿ ಕೆಳಗಿಟ್ಟು ಮುಂದೆ ಬರುತ್ತಾರೆ.

"ಸಾಬ್, ವೋ ಝೂಟ್ ಮೈಂ ಬೋಲೀ," ಎನ್ನುತ್ತಾರೆ ಹೈದರಾಬಾದಿನ ಹಿಂದಿಯಲ್ಲಿ. ಆ ಸುಳ್ಳು ಹೇಳಿದ್ದು ನಾನು. ಯಾವ ಮಾತಿಗೆ ಯಾವ ಮಾತು ದಾಟಿಸಿದೆ, ಯಾಕೆ ದಾಟಿಸಿದೆ, ಅದರಿಂದ ಯಾರು ಆಸ್ಪತ್ರೆಯಲ್ಲಿ ಬಿದ್ದಿದ್ದಾರೆ ಎಂಬುದನ್ನೆಲ್ಲ ನಿಂತಲ್ಲೇ ಹೇಳುತ್ತಾರೆ. ಹಾಗಾದರೆ ರೋಗವಿರುವ ಶೆಡ್ಡುಗಳ ಪಟ್ಟಿ ಕೊಡು ಎನ್ನುತ್ತಾರೆ ಅಧಿಕಾರಿ. ಕೊಡುವುದಿಲ್ಲ ಎನ್ನುತ್ತಾರೆ ಅಂಬುಬಾಯಿ. ಅಷ್ಟರಲ್ಲಿ ವಿಜಯಶ್ರೀ ಎದ್ದು, ಹೆಸರು ಬಿಟ್ಟುಕೊಡಬಾರದು ಎಂಬುದೇ ಸಂಶೋಧನೆಯ ನಿಯಮ, ಈಕೆಯನ್ನು ತೆಗೆದರೆ ನನ್ನ ರಾಜೀನಾಮೆಯನ್ನೂ ಜೊತೆಗೆ ತೆಗೆದುಕೊಳ್ಳಿ ಎನ್ನುತ್ತಾರೆ. ಅದುವರೆಗೂ ನೀರು ಸುರಿಯುತ್ತಲೇ ಇದ್ದ ಆ ಟ್ಯಾಂಕರು ಮಧ್ಯಾಹ್ನದೊಳಗೆ ಬಂದ್ ಆಗುತ್ತದೆ. ಮರುದಿನ ಸುಗಲಮ್ಮ ಮತ್ತು ಉಳಿದ ಐವರು ಮೆಸ್ಸಿಗೆ ಮರಳುತ್ತಾರೆ. ಯಾರೂ ಅವರ ಕ್ಷಮೆ ಕೇಳಲಿಲ್ಲ, ಅದನ್ನೂ ಬರೆದಿಡುತ್ತೇನೆ. ಶೆಡ್ಡುಗಳಿಂದ ಇದುವರೆಗೆ ಯಾರನ್ನೂ ಬಸ್ಸು ಹತ್ತಿಸಿಲ್ಲ.

ಬುಧವಾರ ಶಿವಗಂಗಾ ಕಣ್ಣು ಬಿಡುತ್ತಾಳೆ. ಶುಕ್ರವಾರ ನಾನೂ ಅಂಬುಬಾಯಿಯ ಜೊತೆ ವಾರ್ಡಿಗೆ ಹೋಗುತ್ತೇನೆ. ಮಗುವಿನ ಸುದ್ದಿ ಆಕೆಗೆ ಆಗಲೇ ತಿಳಿದಿದೆ. ಅಂಬುಬಾಯಿ ಮಂಚದ ಅಂಚಿನಲ್ಲಿ ಕೂತು, ಸರ್ವೆಯ ದಿನ ತಾನು ಸುಳ್ಳು ಹೇಳಿದ್ದನ್ನು ಒಂದೂ ಬಿಡದೆ ಹೇಳುತ್ತಾರೆ.

"ನಾನ ಬ್ಯಾಡ ಅಂದಿದ್ನಲ್ಲಕ್ಕಾ," ಎನ್ನುತ್ತಾಳೆ ಶಿವಗಂಗಾ.

"ನೀ ಸಣ್ಣಾಕಿ, ಅಂದಿ. ನಾ ಕೇಳಬಾರದಿತ್ತು."

ಹುಡುಗಿ ಗೋಡೆಯ ಕಡೆ ಹೊರಳುತ್ತಾಳೆ. ಆದರೆ ಹಿಡಿದ ಅಂಬುಬಾಯಿಯ ಕೈ ಬಿಡುವುದಿಲ್ಲ.

ಹೊರಗೆ ಬಂದ ಮೇಲೆ, ವನಜಾಳ ತಂಡ ಈ ಸಲ ವರದಿಯಲ್ಲಿ ಅಂಬುಬಾಯಿಯ ಹೆಸರು ಹಾಕುತ್ತಿದೆಯಂತಲ್ಲ ಎಂದು ಕೇಳುತ್ತೇನೆ. ಹೌದಂತೆ. ಆದರೆ ಮೊದಲ ಸರ್ವೆಯ ಸಂಗತಿಯನ್ನು ಬಿಟ್ಟುಬಿಡೋಣ, ನಿಮಗೆ ಕೆಟ್ಟ ಹೆಸರು ಯಾಕೆ ಎಂದಿದ್ದಾಳಂತೆ ವನಜಾ. ಅಂಬುಬಾಯಿ ಒಪ್ಪಿಲ್ಲ. ಈಗ ನನ್ನ ನೋಟ್‌ಬುಕ್ಕಿನತ್ತ ಕೈ ತೋರಿಸುತ್ತಾರೆ.

"ನೀವೂ ನನ್ನ ಚಲೋ ಚಲೋ ಅಷ್ಟ ಬರೀಬ್ಯಾಡ್ರಿ. ನಮ್ಮವರನ್ನ ಉಳಸ್ತೀನಂತ ಸುಳ್ಳ ಹೇಳಿದ್ಲು, ಅದಕ್ಕ ಒಂದ ಕೂಸು ಹೋತು ಅಂತ ಬರೀರಿ. ನನ್ನಂಥಾಕಿ ಇನ್ನೆಲ್ಲೆರ ಒಬ್ಬಾಕಿ ಮಾತು ದಾಟಸಾಕತ್ತಿರ್ತಾಳ. ಆಕಿಗೆ ಓದಿ ಹೇಳೋರು ಯಾರರ ಇರ್ತಾರ."